ಹಿಂದೆ ನಿಂತವಳು

ಜೇವರ್ಗಿ
14 ಜುಲೈ 2024

ಗೌಸಮೊಹಿದ್ದೀನ ಸರ್,

ಗಾಣಗಾಪುರದ ವೃಂದಾಳ ನಮಸ್ಕಾರ. ಅಫಜಲಪುರದ ಹೈಸ್ಕೂಲಿನಲ್ಲಿ ಪ್ರತಿ ಪಂದ್ಯ ಮುಗಿದ ಮೇಲೆ ನೀವು ನಮ್ಮಿಂದ ಪತ್ರ ಬರೆಸುತ್ತಿದ್ದಿರಿ. ಯಾರು ಗೆದ್ದರು ಅಂತ ಬರೆಯಬೇಡಿ, ಏನು ಕಂಡಿರಿ ಅಂತ ಬರೆಯಿರಿ ಎನ್ನುತ್ತಿದ್ದಿರಿ. ಈಗ ನಾನೇ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಹೇಳುವವಳಾದರೂ ಆ ಚಟ ಬಿಟ್ಟಿಲ್ಲ. ಗಂಟಲಿನ ಆಪರೇಶನ್ ಆಗಿ ಧ್ವನಿ ಹೋದಮೇಲೆ ನಿಮಗೆ ಫೋನಿನಿಂದ ಉಪಯೋಗವಿಲ್ಲ, ಮೊಬೈಲಿನಲ್ಲಿ ಬೆರಳಿನಿಂದ ಕುಟ್ಟುವುದು ನಿಮಗೆ ಸೇರುವುದಿಲ್ಲ. ಹಳೆಯ ಚಟವೇ ಕೆಲಸಕ್ಕೆ ಬಂತು.

ಕಂಡದ್ದನ್ನು ಬರೆಯುತ್ತೇನೆ. ಹೋದ ವರ್ಷ ಅಂತರಕಾಲೇಜು ಟೂರ್ನಮೆಂಟಿನಲ್ಲಿ ನಮ್ಮ ಹುಡುಗಿಯರು ಒಂದೇ ಪಂದ್ಯದಲ್ಲಿ ಒಂಬತ್ತು ಗೋಲು ತಿಂದರು. ಒಂದೂ ಹೊಡೆಯಲಿಲ್ಲ. ವಾಪಸು ಬಂದಮೇಲೆ ಒಬ್ಬ ಚಹಾದಂಗಡಿಯವನು ನಮ್ಮವರನ್ನು ಕಂಡಾಗಲೆಲ್ಲ ಒಂಬತ್ತು ಬೆರಳು ಎತ್ತಿ ತೋರಿಸುತ್ತಿದ್ದ. ತಂಡದಲ್ಲಿ ಈಗ ಉಳಿದವರು ನಾಲ್ಕೇ ಮಂದಿ. ಕೆಲವರ ಡಿಗ್ರಿ ಮುಗಿಯಿತು, ಉಳಿದವರನ್ನು ಮನೆಯವರು ಬಿಡಿಸಿದರು. ಪ್ರಿನ್ಸಿಪಾಲರು ಈ ಸಲವೂ ಹಾಗೇ ಆದರೆ ಫುಟ್‌ಬಾಲ್ ನಿಲ್ಲಿಸಿ ಥ್ರೋಬಾಲ್ ಆಡಿಸು ಎಂದಿದ್ದಾರೆ.

ಉಳಿದವರಲ್ಲಿ ಗೋಲ್‌ಕೀಪರ್ ಜಸ್ಮೀನ ಗಟ್ಟಿ ಎದೆಯವಳು. ಮಹಾನಂದಾ ಎತ್ತರದ ಹುಡುಗಿ, ಆದರೆ ನಿಧಾನ. ಶಿವಕಾಂತಾ ಎನ್ನುವವಳೊಬ್ಬಳಿದ್ದಾಳೆ, ನೆಲೋಗಿಯವಳು, ಎರಡನೇ ವರ್ಷದ ಡಿಗ್ರಿ. ಸರ್, ಇಂಥ ಕಾಲು ನಾನು ನೋಡಿಲ್ಲ. ಚೆಂಡು ಆಕೆಯ ಹತ್ತಿರ ಹೋದರೆ ಅಲ್ಲೇ ಇರುತ್ತದೆ. ಆಕೆಯ ಅಪ್ಪ ದೌಲತರಾಯರು ಒಂದು ಷರತ್ತು ಹಾಕಿದ್ದಾರೆ. ಈ ವರ್ಷ ಟೂರ್ನಮೆಂಟ್ ನೋಡಿ ಆರಿಸುವ ಯುನಿವರ್ಸಿಟಿ ತಂಡದ ಪಟ್ಟಿಯಲ್ಲಿ ಮಗಳ ಹೆಸರು ಬಂದರೆ ಓದು, ಆಟ ಎರಡೂ ಮುಂದುವರಿಯುತ್ತವೆ. ಬರದಿದ್ದರೆ ಬೇಸಿಗೆಯಲ್ಲಿ ಮದುವೆ.

ಅದಕ್ಕೆ ನನ್ನ ಯೋಚನೆ ಇದು. ಶಿವಕಾಂತಾಳನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿ, ಚೆಂಡು ಆಕೆಗೆ ಮುಟ್ಟಿಸುವುದನ್ನೇ ಉಳಿದವರಿಗೆ ಕಲಿಸುತ್ತೇನೆ. ಗೋಲು ಹೊಡೆಯುವ ತಂಡ ಕಟ್ಟುತ್ತೇನೆ. ನೀವೇನಂತೀರಿ?

ನಿಮ್ಮ
ವೃಂದಾ


ಆಳಂದ
28 ಜುಲೈ 2024

ವೃಂದಾ ಬೇಟಾ,

ದುವಾ. ನಿನ್ನ ಪತ್ರ ನನಗಿಂತ ಮೊದಲು ನಿನ್ನ ಚಾಚಿ ನಜಮುನ್ನಿಸಾ ಒಡೆದು ಓದಿದಳು. ಓದಿ, "ಈ ಪೋರಿ ಕೇಳಾಕತ್ತಿಲ್ರಿ, ಹೇಳಾಕತ್ಯಾಳ" ಅಂದಳು. ನನಗೂ ಹಾಗೇ ಅನ್ನಿಸಿತು.

ಒಂಬತ್ತು ಗೋಲು ತಿಂದವಳು ನೀನು, ಮತ್ತೆ ಹಸಿವೆ ಗೋಲು ಹೊಡೆಯುವುದರದ್ದೇ. ಬಾಗಿಲೇ ಇಲ್ಲದ ಮನೆಗೆ ಸೋಫಾ ತರಲು ಹೊರಟಿದ್ದೀಯ. ಹೊಸದಾಗಿ ತಂಡ ಕಟ್ಟುವಾಗ ಮೊದಲು ಗೋಲ್‌ಕೀಪರ್ ಬೇಕು, ಅದು ನಿನ್ನಲ್ಲಿದೆ. ಆಮೇಲೆ ಆಕೆಯ ಮುಂದೆ ನಿಲ್ಲುವ ಒಬ್ಬಳು ಬೇಕು. ಆ ಒಬ್ಬಳು ಇಡೀ ತಂಡದಲ್ಲಿ ಎಲ್ಲರಿಗಿಂತ ಒಳ್ಳೆಯ ಆಟಗಾರ್ತಿ ಆಗಿರಬೇಕು. ಎಲ್ಲರೂ ಉಲ್ಟಾ ಮಾಡುತ್ತಾರೆ. ಚೆನ್ನಾಗಿ ಆಡುವವರನ್ನು ಮುಂದೆ ಕಳಿಸಿ, ಓಡಲು ಬಾರದವರನ್ನು ಹಿಂದೆ ನಿಲ್ಲಿಸುತ್ತಾರೆ. ನೀನು ಶಿವಕಾಂತಾಳನ್ನು ಹಿಂದೆ ನಿಲ್ಲಿಸು.

ಇಷ್ಟು ವರ್ಷ ಮಕ್ಕಳನ್ನು ಆಡಿಸಿ ನಾನು ತಿಳಿದದ್ದು ಹೇಳುತ್ತೇನೆ. ಹೊಸ ಹುಡುಗಿಯರು ಒಂದು ಗೋಲಿನಿಂದ ಸೋತರೆ ಮರುದಿನ ಮೈದಾನಕ್ಕೆ ಬರುತ್ತಾರೆ, ಬಂದು ಜಗಳವಾಡುತ್ತಾರೆ, ನಿನ್ನಿಂದ ನನ್ನಿಂದ ಅನ್ನುತ್ತಾರೆ. ಅದು ಒಳ್ಳೆಯದು. ಒಂಬತ್ತರಿಂದ ಸೋತರೆ ಬೂಟನ್ನು ತಮ್ಮನಿಗೆ ಕೊಟ್ಟುಬಿಡುತ್ತಾರೆ.

ದೌಲತರಾಯರ ಷರತ್ತಿಗೆ ತಲೆ ಕೆಡಿಸಿಕೊಳ್ಳಬೇಡ. ಮಗಳು ಚೆನ್ನಾಗಿ ಆಡುವುದನ್ನು ಕಣ್ಣಾರೆ ನೋಡಿದರೆ ಅಪ್ಪಂದಿರು ಮೆತ್ತಗಾಗುತ್ತಾರೆ. ನಿಮ್ಮಪ್ಪನೂ ಹಾಗೇ ಆದವರು, ಮರೆತೆಯಾ? ಒಬ್ಬ ಹುಡುಗಿಗೋಸ್ಕರ ತಂಡ ಕಟ್ಟಬೇಡ. ತಂಡ ನಿಂತರೆ ಹುಡುಗಿಯೂ ನಿಲ್ಲುತ್ತಾಳೆ.

ಗೌಸಮೊಹಿದ್ದೀನ


ಜೇವರ್ಗಿ
25 ಆಗಸ್ಟ್ 2024

ಸರ್,

ನಮಸ್ಕಾರ. ನೀವು ಹೇಳಿದ್ದನ್ನು ಎರಡು ಸಲ ಓದಿದೆ. ಒಪ್ಪಲಿಲ್ಲ. ಹೊಸದೇನಲ್ಲ ಬಿಡಿ, ಹೈಸ್ಕೂಲಿನಲ್ಲೂ ನಾನು ಒಪ್ಪುತ್ತಿರಲಿಲ್ಲ.

ಹೋದ ವಾರ ಹೊಸಬರನ್ನು ಸೇರಿಸಿಕೊಂಡು ಅಫಜಲಪುರಕ್ಕೆ ಹೋಗಿ ಅಲ್ಲಿನ ಕಾಲೇಜಿನವರ ಜೊತೆ ಆಡಿ ಬಂದೆವು. ಹಿಂದಿನ ದಿನ ಮಳೆ. ಎರಿಮಣ್ಣಿನ ಮೈದಾನ ಹೇಗಾಗುತ್ತದೆ ನಿಮಗೆ ಗೊತ್ತಲ್ಲ, ಬೂಟಿಗೆ ಸೇರುಗಟ್ಟಲೆ ಮಣ್ಣು ಮೆತ್ತಿ ಕಾಲೇ ಏಳುತ್ತಿರಲಿಲ್ಲ. ಕೊನೆಗೆ ಎರಡೂ ಕಡೆಯವರು ಬೂಟು ಕಳಚಿ ಬರಿಗಾಲಲ್ಲಿ ಆಡಿದರು. ನಾವು ಐದು–ಎರಡರಿಂದ ಸೋತೆವು. ಆ ಎರಡೂ ಶಿವಕಾಂತಾಳದ್ದು. ಎರಡನೆಯದನ್ನು ನೀವು ನೋಡಬೇಕಿತ್ತು. ಕೆಸರಿನಲ್ಲಿ ಚೆಂಡು ನಿಂತುಬಿಟ್ಟಿತು, ಕಾಯುತ್ತಿದ್ದ ಇಬ್ಬರು ಬ್ಯಾಕುಗಳು ಜಾರಿ ಮುಂದೆ ಹೋದರು, ಈಕೆ ಮಾತ್ರ ನಿಂತಳು. ನಿಂತು, ಹೆಬ್ಬೆರಳಿನಿಂದ ಎತ್ತಿ ಮೂಲೆಗೆ ಹಾಕಿದಳು. ಮರುದಿನ ಇನ್ನೂ ಮೂವರು ಹುಡುಗಿಯರು ತಾವೂ ಆಡುತ್ತೇವೆ ಅಂತ ಬಂದರು. ಗೋಲಿನ ಸುದ್ದಿ ಕೇಳಿ ಬಂದರು ಸರ್, ಗೋಲು ತಡೆದ ಸುದ್ದಿ ಕೇಳಿ ಯಾರೂ ಬರುವುದಿಲ್ಲ.

ದೌಲತರಾಯರು ಗಾಡಿ ಮೇಲೆ ಬಂದು ಬದುವಿನಲ್ಲಿ ನಿಂತು ನೋಡಿದರು. ಮುಗಿದಮೇಲೆ ನನಗೆ ಹೇಳಿದರು: "ನೋಡ್ರಿ ಮೇಡಂ, ನಾ ಮಾತಿಗಿ ತಪ್ಪಾಂವ ಅಲ್ಲ. ಲಿಸ್ಟನಾಗ ಆಕಿ ಹೆಸರು ಬರ್ಲಿ, ಡಿಗ್ರಿ ಮುಗಿಯೂತನ ಲಗ್ನದ ಮಾತ ಎತ್ತಂಗಿಲ್ಲ. ಬರ್ಲಿಲ್ಲಂದ್ರ ಆಳಂದದವರಿಗಿ ಹೂಂ ಅಂತೇನಿ. ಅವರರೆ ಎಷ್ಟಂತ ಕಾಯ್ಬೇಕು?"

ಆಳಂದದವರು ಅಂದರೆ ನಿಮ್ಮೂರಿನವರೇ. ಹುಡುಗನ ಹೆಸರು ಸಂತೋಷಕುಮಾರ, ಬೀಜ ಗೊಬ್ಬರದ ಅಂಗಡಿ. ಹುಡುಗ ಕೆಟ್ಟವನಲ್ಲವಂತೆ. ಶಿವಕಾಂತಾಳನ್ನು ಕೇಳಿದೆ. "ಕೆಟ್ಟಾಂವ ಅಲ್ರಿ ಮಿಸ್. ಆದ್ರ ನನಗ ಇನ್ನಾ ಆಡೂದದ" ಅಂದಳು. ಅಷ್ಟೇ ಅಂದು ಬಸ್ಸಿಗೆ ಓಡಿದಳು.

ಇನ್ನೊಂದು ವಿಷಯ. ಯುನಿವರ್ಸಿಟಿ ತಂಡದ ಮೂವರು ಫಾರ್ವರ್ಡುಗಳು ಈ ವರ್ಷ ಪಾಸಾಗಿ ಹೋದರು. ಬ್ಯಾಕುಗಳೆಲ್ಲ ಹಾಗೇ ಇದ್ದಾರೆ. ಖಾಲಿ ಇರುವುದು ಮುಂದಿನ ಜಾಗಗಳೇ. ಈಗ ಹೇಳಿ, ಆಕೆಯನ್ನು ಹಿಂದೆ ನಿಲ್ಲಿಸಿದರೆ ಯಾರಿಗೆ ಕಾಣುತ್ತಾಳೆ?

ವೃಂದಾ


ಆಳಂದ
8 ಸೆಪ್ಟೆಂಬರ್ 2024

ವೃಂದಾ,

ಎರಡು ಗೋಲನ್ನು ಅರ್ಧ ಪುಟ ಬರೆದೆ. ಐದನ್ನು ಒಂದು ಸಾಲಿನಲ್ಲಿ ಮುಗಿಸಿದೆ. ನಿನಗೆ ನಾನು ಕಲಿಸಿದ್ದು ಹೀಗೆ ನೋಡುವುದನ್ನಲ್ಲ. ಆ ಐದು ಹೇಗೆ ಬಂದವು, ಯಾರ ಕಡೆಯಿಂದ ಬಂದವು, ಜಸ್ಮೀನ ಎಷ್ಟು ಸಲ ಒಬ್ಬಳೇ ಸಿಕ್ಕಿಬಿದ್ದಳು ಎಂಬುದೆಲ್ಲ ಎಲ್ಲಿ?

ಯಾರಿಗೆ ಕಾಣುತ್ತಾಳೆ ಎಂದು ಕೇಳಿದ್ದೀಯ. ಆಟ ಬಲ್ಲವರಿಗೆ ಕಾಣುತ್ತಾಳೆ. ನಾನೂ ಜಿಲ್ಲೆಯ ಆಯ್ಕೆ ಸಮಿತಿಯಲ್ಲಿ ಕೂತವನು. ಪ್ರತಿ ಸಲ ಕಾಗದದ ಮೇಲೆ ನಾನು ಮೊದಲು ಬರೆಯುತ್ತಿದ್ದುದು ಬ್ಯಾಕಿನ ಹೆಸರು. ಜಾಗ ಖಾಲಿ ಇದೆ, ಇಲ್ಲ ಎಂಬುದೆಲ್ಲ ಬಸ್‌ಸ್ಟ್ಯಾಂಡಿನ ಸುದ್ದಿ. ಒಳ್ಳೆಯ ಬ್ಯಾಕ್ ಸಿಕ್ಕರೆ ಇದ್ದವರನ್ನು ತೆಗೆದು ಜಾಗ ಮಾಡುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡ, ಆದರೆ ನನಗೆ ಅನ್ನಿಸುವುದು ಹೇಳುತ್ತೇನೆ. ಹೆಸರು ಬೇಕಾಗಿರುವುದು ಆ ಹುಡುಗಿಗಲ್ಲ, ನಿನಗೆ. ಒಂಬತ್ತು ಬೆರಳು ಎತ್ತಿದವನಿಗೆ ಗೋಲು ತೋರಿಸಬೇಕಾಗಿದೆ ನಿನಗೆ.

ಸಂತೋಷಕುಮಾರನನ್ನು ನಾನು ಬಲ್ಲೆ. ನಮ್ಮ ಓಣಿಯ ಕೊನೆಯ ಮನೆ. ಮರ್ಯಾದಸ್ಥರು. ಹಾಗಂತ ಆ ಹುಡುಗಿ ಈಗಲೇ ಮದುವೆಯಾಗಲಿ ಎನ್ನುತ್ತಿಲ್ಲ.

ಇಲ್ಲಿ ಎಲ್ಲ ಸರಿ ಇದೆ. ಮನೆ ಮುಂದಿನ ನಳದ ಹತ್ತಿರ ಹುಡುಗರು ಚೆಂಡು ಆಡುತ್ತಾರೆ, ನಾನು ಕಟ್ಟೆಯ ಮೇಲೆ ಕೂತು ಸ್ಲೇಟಿನಲ್ಲಿ ಬರೆದು ಬೈಯುತ್ತೇನೆ. ಅವರಿಗೆ ಓದುವಷ್ಟು ಪುರಸೊತ್ತಿಲ್ಲ. ಸ್ಲೇಟ್ ಸರ್ ಎಂದು ಹೆಸರಿಟ್ಟಿದ್ದಾರೆ. ಮುಂದಿನ ವಾರ ಸೋಲಾಪುರಕ್ಕೆ ಹೋಗುವುದಿದೆ. ನಜಮುನ್ನಿಸಾಳ ತಮ್ಮನ ಮನೆಯಲ್ಲಿ ಮದುವೆ. ಬಂದಮೇಲೆ ನಿನ್ನ ಉತ್ತರ ಇಲ್ಲಿರಬೇಕು.

ಗೌಸಮೊಹಿದ್ದೀನ


ಜೇವರ್ಗಿ
13 ಅಕ್ಟೋಬರ್ 2024

ಸರ್,

ನಮಸ್ಕಾರ. ಉತ್ತರ ತಡವಾಯಿತು, ಕ್ಷಮಿಸಿ.

ನೀವು ಹೇಳಿದಂತೆ ಮಾಡಿದ್ದೇನೆ. ಶಿವಕಾಂತಾ ಈಗ ಹಿಂದೆ ಆಡುತ್ತಾಳೆ, ಜಸ್ಮೀನಳ ಮುಂದೆ. ಮಹಾನಂದಾಳನ್ನು ಮುಂದಕ್ಕೆ ಕಳಿಸಿದ್ದೇನೆ. ನೀವು ಹೇಳಿದ್ದೇ ಸರಿ. ಮೊದಲು ಬಾಗಿಲು.

ಶಿವಕಾಂತಾಳನ್ನು ಮೈದಾನದ ಬದುವಿನಲ್ಲಿ ಕೂಡಿಸಿಕೊಂಡು ಹೇಳಿದೆ. ಸ್ವಲ್ಪ ಹೊತ್ತು ಬೂಟಿನ ಮಣ್ಣು ಕೆರೆಯುತ್ತ ಕೂತಳು. ಆಮೇಲೆ "ಆತ್ರಿ ಮಿಸ್" ಅಂದಳು. ಜಾಗಕ್ಕೆ ಹೋಗಿ ನಿಂತಳು. ಒಳ್ಳೆಯ ಹುಡುಗಿ.

ನಜಮುನ್ನಿಸಾ ಚಾಚಿ ಫೋನ್ ಮಾಡಿದ್ದರು. ಸೋಲಾಪುರದ ಮದುವೆ ಚೆನ್ನಾಗಿ ಆಯಿತಂತೆ. ಊಟದ ಬಗ್ಗೆ ಹೇಳಿದರು. ಬೇರೇನೂ ಮಾತಾಡಲಿಲ್ಲ.

ಹಿಂದೆ ನಿಲ್ಲುವವಳಿಗೆ ಏನೇನು ಕಲಿಸಬೇಕು ಎಂದು ವಿವರವಾಗಿ ಬರೆಯಿರಿ. ನೀವು ಬರೆದದ್ದನ್ನು ಮೈದಾನದಲ್ಲಿ ಎಲ್ಲರಿಗೂ ಓದಿ ಹೇಳುತ್ತೇನೆ. ನಿಮಗೆ ಯಾವಾಗ ಪುರಸೊತ್ತಾಗುತ್ತದೋ ಆಗ ಬರೆದರೆ ಸಾಕು, ಅವಸರವಿಲ್ಲ.

ವೃಂದಾ


ಆಳಂದ
10 ನವೆಂಬರ್ 2024

ವೃಂದಾ ಬೇಟಾ,

ಶಾಭಾಶ್. ಕೊನೆಗೂ ನನ್ನ ಮಾತು ಕೇಳಿದೆ. ನಜಮುನ್ನಿಸಾಳಿಗೆ ನಿನ್ನ ಪತ್ರ ತೋರಿಸಿ, ನೋಡು, ನನ್ನ ವಿದ್ಯಾರ್ಥಿನಿಗೆ ಬುದ್ಧಿ ಬಂತು ಎಂದು ಸ್ಲೇಟಿನ ಮೇಲೆ ಬರೆದೆ. ಆಕೆ ಓದಿ ಒಳಗೆ ಹೋದಳು. ಹೆಂಗಸರಿಗೆ ಫುಟ್‌ಬಾಲ್ ಎಲ್ಲಿ ತಿಳಿಯಬೇಕು ಎಂದು ಬರೆಯುವವನಿದ್ದೆ, ನೀನು ಓದುತ್ತೀಯ ಎಂದು ನೆನಪಾಗಿ ಬಿಟ್ಟೆ.

ಅಕ್ಷರ ಸೊಟ್ಟಗಿದ್ದರೆ ಪೆನ್ನು ಸರಿಯಿಲ್ಲ ಎಂದು ತಿಳಿ.

ಶಿವಕಾಂತಾಳಿಗೆ ಇದನ್ನು ಕಲಿಸು. ಚೆಂಡು ತನ್ನ ಕಡೆ ಬರುವ ಮುಂಚೆಯೇ ಎಡ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಬೇಕು. ಬಂದ ಚೆಂಡನ್ನು ಒದೆಯಬಾರದು, ಅಂಗಾಲು ಮೇಲಿಟ್ಟು ನಿಲ್ಲಿಸಬೇಕು. ನಿಲ್ಲಿಸಿ, ತಲೆ ಎತ್ತಿ, ನಮ್ಮವರು ಎಲ್ಲಿದ್ದಾರೆ ನೋಡಿ ಕೊಡಬೇಕು. ನಿನಗೂ ಇದನ್ನೇ ಕಲಿಸಿದ್ದೆ, ನಿನಗೆ ಬರಲಿಲ್ಲ, ಯಾವಾಗಲೂ ಓಡುವ ಅವಸರ. ಹಿಂದೆ ನಿಂತವಳು ಗಾಬರಿಯಾಗದಿದ್ದರೆ ಉಳಿದ ಹತ್ತು ಮಂದಿ ಗಾಬರಿಯಾಗುವುದಿಲ್ಲ. ಜಸ್ಮೀನ ಜೋರಾಗಿ ಕೂಗುತ್ತಿರಲಿ. ಗೋಲ್‌ಕೀಪರ್ ಬಾಯಿ ಮುಚ್ಚಿದರೆ ಬ್ಯಾಕುಗಳು ಕುರುಡರಾಗುತ್ತಾರೆ. ಧ್ವನಿಯ ಬೆಲೆ ನನಗೆ ಗೊತ್ತು.

ಬಂದು ನೋಡುವ ಆಸೆ ಇದೆ. ಚಳಿಗೆ ಪ್ರಯಾಣ ಬೇಡ ಎನ್ನುತ್ತಾಳೆ ನಜಮುನ್ನಿಸಾ. ನೀನೇ ನನ್ನ ಕಣ್ಣು. ಕಂಡದ್ದೆಲ್ಲ ಬರೆ, ಒಂದೂ ಬಿಡಬೇಡ.

ಗೌಸಮೊಹಿದ್ದೀನ


ಜೇವರ್ಗಿ
22 ಡಿಸೆಂಬರ್ 2024

ಸರ್,

ಟೂರ್ನಮೆಂಟ್ ಮುಗಿಯಿತು. ಕಲಬುರಗಿಯಿಂದ ನಿನ್ನೆ ಬಂದೆವು. ಕಂಡದ್ದನ್ನು ಬರೆಯುತ್ತೇನೆ.

ಮೊದಲ ಪಂದ್ಯ ಒಂದು–ಸೊನ್ನೆ ಗೆದ್ದೆವು. ಆ ಒಂದು ಗೋಲು ಮಹಾನಂದಾಳ ಮೊಣಕಾಲಿಗೆ ಬಡಿದು ಒಳಗೆ ಹೋಯಿತು, ಆಕೆಗೇ ಗೊತ್ತಾಗಲಿಲ್ಲ. ಸೆಮಿಫೈನಲಿನಲ್ಲಿ ಸೊನ್ನೆ–ಸೊನ್ನೆ, ಪೆನಾಲ್ಟಿಯಲ್ಲಿ ಗೆದ್ದೆವು. ಫೈನಲ್ ಕೂಡ ಸೊನ್ನೆ–ಸೊನ್ನೆ. ಪೆನಾಲ್ಟಿಯಲ್ಲಿ ಸೋತೆವು. ಎರಡೂ ಸಲ ಶಿವಕಾಂತಾ ತನ್ನ ಪೆನಾಲ್ಟಿ ಹೊಡೆದಳು. ಆಟ ನಡೆದಷ್ಟು ಹೊತ್ತು ನಮ್ಮ ಬಲೆಗೆ ಒಂದು ಚೆಂಡೂ ಬೀಳಲಿಲ್ಲ ಸರ್. ಹೋದ ವರ್ಷ ಒಂಬತ್ತು ಹೊಡೆದವರೇ ಫೈನಲಿನಲ್ಲಿ ಎದುರಿಗಿದ್ದರು.

ಶಿವಕಾಂತಾ ಮೂರು ಪಂದ್ಯದಲ್ಲಿ ಒಂದು ಸಲವೂ ನೆಲಕ್ಕೆ ಬಿದ್ದು ಚೆಂಡು ಕಿತ್ತುಕೊಳ್ಳಲಿಲ್ಲ. ಅದರ ಅಗತ್ಯವೇ ಬರಲಿಲ್ಲ. ಅವರು ಎಲ್ಲಿಗೆ ಕೊಡುತ್ತಾರೋ ಅಲ್ಲಿ ಮೊದಲೇ ನಿಂತಿರುತ್ತಿದ್ದಳು. ಎಡ ಹೆಗಲ ಮೇಲಿಂದ ನೋಡುತ್ತಿದ್ದಳು, ಅಂಗಾಲು ಇಟ್ಟು ನಿಲ್ಲಿಸುತ್ತಿದ್ದಳು, ನೀವು ಬರೆದ ಹಾಗೆಯೇ. ಫೈನಲಿನ ಕೊನೆಗೆ ಅವರ ಫಾರ್ವರ್ಡ್ ಒಬ್ಬಳು ಸೊಂಟದ ಮೇಲೆ ಕೈಯಿಟ್ಟು, "ಅಕ್ಕಾ, ಒಂದ್ ಸಲರೆ ಬಿಡಬೇ" ಅಂತ ನಕ್ಕಳು. ಶಿವಕಾಂತಾಳೂ ನಕ್ಕಳು.

ನಮ್ಮ ಪ್ರಿನ್ಸಿಪಾಲರು ಥ್ರೋಬಾಲ್ ಮಾತು ಬಿಟ್ಟಿದ್ದಾರೆ. ಹೊಸ ಬೂಟು ಕೊಡಿಸುತ್ತಾರಂತೆ.

ಆಯ್ಕೆಯ ಪಟ್ಟಿ ಇನ್ನೂ ಬಂದಿಲ್ಲ. ಸಮಯ ಹಿಡಿಯುತ್ತದಂತೆ. ನೀವು ಅದರ ಚಿಂತೆ ಮಾಡಬೇಡಿ. ಚಳಿ ಹೆಚ್ಚಿದೆ, ಮಫ್ಲರ್ ಬಿಡಬೇಡಿ.

ವೃಂದಾ


ಆಳಂದ
5 ಜನವರಿ 2025

ಬೇಟಾ,

ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ದಿನಾ ಓದುತ್ತೇನೆ. ಬಂದವರಿಗೆಲ್ಲ ಕೊಟ್ಟು ಓದಿ ಎನ್ನುತ್ತೇನೆ. ಹಾಲು ಹಾಕುವವನು ಕೂಡ ಓದಿ, "ಸೋತಾರಲ್ರಿ ಸರ್?" ಅಂದ. ಅವನಿಗೆ ಏನು ಹೇಳಲಿ?

ಒಂದೂ ಗೋಲು ತಿನ್ನದೆ ಫೈನಲ್‌ವರೆಗೆ. ಇಷ್ಟು ವರ್ಷದಲ್ಲಿ ನನ್ನ ಯಾವ ತಂಡವೂ ಇದನ್ನು ಮಾಡಿರಲಿಲ್ಲ. ನನಗೆ ಈಗ ಏನೂ ಬೇಡ ಅನ್ನಿಸಿದೆ. ಪಟ್ಟಿಯಲ್ಲಿ ಆ ಹುಡುಗಿಯ ಹೆಸರು ಮೊದಲನೆಯದೇ ಆಗಿರುತ್ತದೆ, ಬರೆದಿಟ್ಟುಕೋ. ಬಂದ ದಿನವೇ ತಿಳಿಸು. ಬರೆಯುವಷ್ಟು ತಡ ಮಾಡಬೇಡ, ನಜಮುನ್ನಿಸಾಳಿಗೆ ಫೋನ್ ಮಾಡು.

ಗೌಸಮೊಹಿದ್ದೀನ


ಆಳಂದ
23 ಫೆಬ್ರುವರಿ 2025

ವೃಂದಾ,

ಪಟ್ಟಿ ಏನಾಯಿತು?

ಗೌಸಮೊಹಿದ್ದೀನ


ಜೇವರ್ಗಿ
16 ಮಾರ್ಚ್ 2025

ಸರ್,

ನಮಸ್ಕಾರ. ಪರೀಕ್ಷೆಯ ಗಡಿಬಿಡಿಯಲ್ಲಿ ಬರೆಯಲಾಗಲಿಲ್ಲ. ಪಟ್ಟಿಯ ವಿಷಯ ಇನ್ನೂ ಓಡಾಡುತ್ತಿದೆ, ಮೇಲಿನವರ ಕೆಲಸ, ಕೇಳಿದರೆ ಸರಿಯಾಗಿ ಹೇಳುವುದಿಲ್ಲ.

ಇಲ್ಲಿ ಮೈದಾನ ತುಂಬಿದೆ. ಸಂಜೆ ಎರಡು ತಂಡ ಮಾಡಿ ಆಡಿಸುವಷ್ಟು ಹುಡುಗಿಯರು ಬರುತ್ತಿದ್ದಾರೆ. ಬಿಸಿಲಿಗೆ ನೆಲ ಬಿರಿಯಲು ಶುರುವಾಗಿದೆ. ಕಾಲು ಸಿಕ್ಕೀತು ಅಂತ ಆಟಕ್ಕೆ ಮೊದಲು ಎಲ್ಲರೂ ಸೇರಿ ಬಿರುಕಿಗೆ ಮಣ್ಣು ತುಂಬುತ್ತೇವೆ. ತಮಾಷೆ ಎಂದರೆ ಈಗ ಹೊಸಬರಲ್ಲಿ ಎಲ್ಲರಿಗೂ ಹಿಂದೆಯೇ ನಿಲ್ಲಬೇಕಂತೆ. ನೀವು ಗೆದ್ದಿರಿ ಸರ್. ತಂಡ ನಿಂತಿತು.

ಈ ಸಲ ಚಾಚಿಯವರ ಧ್ವನಿ ಫೋನಿನಲ್ಲಿ ದಣಿದಂತಿತ್ತು. ನಿಮ್ಮ ಊಟ ಹೇಗಿದೆ? ಗಂಜಿಯಾದರೂ ಕುಡಿಯಿರಿ. ರಜೆಯಲ್ಲಿ ಬಂದು ನೋಡಬೇಕೆಂದಿದ್ದೇನೆ.

ವೃಂದಾ


ಆಳಂದ
15 ಜೂನ್ 2025

ವೃಂದಾ,

ರಜೆ ಮುಗಿಯಿತು. ನೀನು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಈಗ ನನಗೆ ಗೊತ್ತು. ಈ ಓಣಿಗೆ ಬಂದರೆ ಯಾರ ಕಣ್ಣಿಗೆ ಬೀಳಬೇಕಾಗುತ್ತದೆ ಎಂಬುದೂ ಗೊತ್ತು. ಈ ಪತ್ರವನ್ನು ಸ್ವಲ್ಪ ಸ್ವಲ್ಪವಾಗಿ ಬರೆಯುತ್ತಿದ್ದೇನೆ. ಸೊಟ್ಟ ಅಕ್ಷರ ಪೆನ್ನಿನದಲ್ಲ.

ಬೇಸಿಗೆಯಲ್ಲಿ ಮೇಲಿನ ಮನೆಗಳ ನಳಕ್ಕೆ ನೀರು ಏರುವುದಿಲ್ಲ. ಎಲ್ಲರೂ ನಮ್ಮ ಮನೆ ಮುಂದಿನ ನಳಕ್ಕೆ ಬರುತ್ತಾರೆ. ನನ್ನ ಮಂಚವನ್ನು ಕಿಟಕಿಯ ಹತ್ತಿರ ಹಾಕಿದ್ದಾರೆ. ಹೋದ ವಾರ ಹೊಸ ಸೊಸೆಯೊಬ್ಬಳು ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದಳು, ಕೈಯಲ್ಲಿ ಹಸಿರು ಬಳೆ, ಇನ್ನೂ ಹಳತಾಗಿಲ್ಲ. ಹುಡುಗರ ಚೆಂಡು ಜೋರಾಗಿ ಆಕೆಯ ಕಡೆ ಬಂತು. ಉಳಿದ ಹೆಂಗಸರು ಸರಿದರು. ಆಕೆ ಸರಿಯಲಿಲ್ಲ. ಎಡ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಿದಳು. ಸೀರೆಯ ನಿರಿಗೆ ಸ್ವಲ್ಪ ಎತ್ತಿ ಅಂಗಾಲು ಇಟ್ಟು ನಿಲ್ಲಿಸಿದಳು. ತಲೆ ಎತ್ತಿ, ಯಾವ ಹುಡುಗ ಒಬ್ಬನೇ ನಿಂತಿದ್ದಾನೆ ನೋಡಿ, ಅವನಿಗೆ ಕೊಟ್ಟಳು. ಕೊಡ ಕಂಕುಳಲ್ಲೇ ಇತ್ತು.

ನಾನು ಸ್ಲೇಟಿನಿಂದ ಕಿಟಕಿಯ ಸರಳು ಬಡಿದೆ. ನಜಮುನ್ನಿಸಾ ಹೋಗಿ ಕರೆದುಕೊಂಡು ಬಂದಳು. ಸ್ಲೇಟಿನ ಮೇಲೆ ಬರೆದು ಕೇಳಿದೆ, ಯಾರು ಕಲಿಸಿದರು? ಓದಿ ನನ್ನ ಮುಖ ನೋಡಿದಳು. "ನೀವೇ ಕಲಿಸೀರಲ್ರಿ ಸರ್. ನಾ ಶಿವಕಾಂತಾ, ನೆಲೋಗಿಯಾಕಿ" ಅಂದಳು.

ಪಟ್ಟಿಯ ಬಗ್ಗೆ ಕೇಳಿದೆ. ಆಕೆಗೆ ಆಶ್ಚರ್ಯವಾಯಿತು. ಪಟ್ಟಿಯನ್ನು ಫೈನಲ್ ಆದ ಸಂಜೆಯೇ ಮೈದಾನದಲ್ಲಿ ಓದಿದರಂತೆ. "ಆರಿಸೂ ಸರುಗಳು ಊಟ ಆದಮ್ಯಾಗ ಮ್ಯಾಚ್ ನೋಡದ ಹೋಗಿಬಿಟ್ಟಿದ್ರು. ಸಂಜಿಗಿ ಬಂದು ಗೋಲ್ ಹೊಡದವರ ಹೆಸರು ಕೊಡ್ರಿ ಅಂದ್ರು. ಬ್ಯಾಕಿಗಿ ಹೋದ ವರ್ಷದವರೇ ಅದಾರ, ಸಾಕಂತ್ರಿ. ಮಿಸ್ ಭಾಳ ಜಗಳಾ ಮಾಡಿದ್ರು. ಮಾಡಿ, ನೀರಿನ ಟಾಕಿ ಹಿಂದ ಹೋಗಿ ಅತ್ರು. ನಾ ನೋಡೇನ್ರಿ." ಖಾಲಿ ಇರುವುದು ಮುಂದಿನ ಜಾಗಗಳೇ ಎಂದು ನೀನು ಆಗಸ್ಟಿನಲ್ಲೇ ಬರೆದಿದ್ದೆ. ನಾನು ಅದನ್ನು ಬಸ್‌ಸ್ಟ್ಯಾಂಡಿನ ಸುದ್ದಿ ಎಂದೆ. ಎಲ್ಲರೂ ನಾನು ನೋಡಿದ ಹಾಗೆಯೇ ನೋಡುತ್ತಾರೆ ಎಂದುಕೊಂಡಿದ್ದೆ. ಅವರು ನೋಡಲೇ ಇಲ್ಲ.

ಅಪ್ಪನ ಮೇಲೆ ಸಿಟ್ಟಿದೆಯೇ ಎಂದು ಬರೆದೆ. "ಅಪ್ಪಾಜಿ ಹೇಳ್ದಂಗೇ ಮಾಡ್ಯಾರ್ರಿ" ಅಂದಳು. ಮೇ ತಿಂಗಳಲ್ಲಿ ನೆಲೋಗಿಯಲ್ಲಿ ಸಂತೋಷಕುಮಾರನ ಜೊತೆ ಅಕ್ಷತೆ ಬಿತ್ತಂತೆ, ನಜಮುನ್ನಿಸಾ ನನಗೆ ಹೇಳಿರಲಿಲ್ಲ. ಓದಿನ ಬಗ್ಗೆ ಕೇಳಿದರೆ ಮನೆಯಲ್ಲಿ ಯಾರೂ ಬೇಡ ಎನ್ನುವುದಿಲ್ಲವಂತೆ, ಈ ವರ್ಷ ಬೇಡ ಎನ್ನುತ್ತಾರಂತೆ. ಆಟದ ಬಗ್ಗೆ ಆಕೆ ಕೇಳಿಯೇ ಇಲ್ಲ. ಬೂಟನ್ನು ನೆಲೋಗಿಯಲ್ಲಿ ಬಿಟ್ಟು ಬಂದಿದ್ದಾಳೆ.

ಆಮೇಲೆ, ಹಿಂದೆ ನಿಲ್ಲು ಎಂದು ಮಿಸ್ ಹೇಳಿದಾಗ ನೀನು ಒಲ್ಲೆ ಎನ್ನಬೇಕಿತ್ತು ಎಂದು ಆಕೆಗೆ ಸ್ಲೇಟಿನಲ್ಲಿ ಬರೆದೆ. ಅದಕ್ಕೆ ಹೇಳಿದಳು: "ಹ್ಯಾಂಗ ಒಲ್ಲೆ ಅನ್ಲಿರಿ? ಮಿಸ್ ನನಗ ಬದುವಿನ ಮ್ಯಾಗ ಕುಂದ್ರಿಸಿ ಹೇಳಿದ್ರು. ಸರ್‌ಗ ಗಂಟಲಾಗ ಗಡ್ಡಿ ಮತ್ತ ಬಂದದ, ಸೋಲಾಪುರದ ಡಾಕ್ಟರ್ ಇನ್ನ ಕೊಯ್ಯೂದಿಲ್ಲ ಅಂದಾರ, ಅವರ ಮಾತ ಈ ಒಂದ್ ಸಲ ನಡಸೂಣೇನಬೇ ಅಂದ್ರು. ನೀ ಬ್ಯಾಡಂದ್ರ ಬ್ಯಾಡ ಅಂತನೂ ಅಂದ್ರು. ಅಂಥಾ ಟೈಮನಾಗ ಹಿರಿಯಾರ ಮಾತ ಯಾರರೆ ತೆಗದು ಹಾಕ್ತಾರೇನ್ರಿ? ನಾನೇ ಆತ್ರಿ ಅಂದೆ."

ಸೋಲಾಪುರದಲ್ಲಿ ಮದುವೆ ಇರಲಿಲ್ಲ, ಆಸ್ಪತ್ರೆಯ ಮಾತು ಮುಚ್ಚಿಡಲು ನಾನೇ ಹಾಗೆ ಬರೆದಿದ್ದೆ. ನಜಮುನ್ನಿಸಾ ನಿನಗೆ ಎಲ್ಲ ಹೇಳಿದ್ದಳು, ನೀನು ಊಟದ ಮಾತು ಬರೆದೆ. ಅಕ್ಟೋಬರಿನ ಆ ಪತ್ರ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಹೈಸ್ಕೂಲಿನಿಂದ ಇವತ್ತಿನವರೆಗೆ ನೀನು ನನ್ನ ಒಂದು ಮಾತನ್ನೂ ಜಗಳವಿಲ್ಲದೆ ಒಪ್ಪಿದವಳಲ್ಲ. ನಾನು ಶಾಭಾಶ್ ಎಂದು ಬರೆದೆ. ವೃಂದಾ, ನಾನು ಕೇಳಿದ್ದು ಫುಟ್‌ಬಾಲಿನ ಮಾತಿಗೆ ಉತ್ತರ. ನೀನು ರೋಗಿಗೆ ಉತ್ತರ ಕೊಟ್ಟೆ. ನನಗೆ ನಿನ್ನ ಮೇಲೆ ಬಹಳ ಸಿಟ್ಟು ಬಂದಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂದಿದೆ. ಮುಖವನ್ನೇ ನೋಡಿರದ ಒಬ್ಬ ಮುದುಕನಿಗಾಗಿ ಆ ಹುಡುಗಿ ತನ್ನದನ್ನೆಲ್ಲ ಬಿಟ್ಟುಕೊಟ್ಟಳು. ಇಲ್ಲಿ ನಾನು ಹಾಲಿನವನಿಗೆ ಪತ್ರ ಓದಲು ಕೊಡುತ್ತಿದ್ದೆ.

ತಂಡ ನಿಂತಿತು ಎಂದು ಬರೆದಿದ್ದೀಯ. ನಿಂತಿರಬಹುದು. ನನ್ನ ಲೆಕ್ಕ ತಪ್ಪಲ್ಲ ಎಂದು ಈಗಲೂ ನನ್ನ ತಲೆ ಹೇಳುತ್ತದೆ. ಅದನ್ನು ಕೇಳಲು ಮನಸ್ಸಾಗುವುದಿಲ್ಲ.

ಹೋಗುವ ಮುಂಚೆ ಕೊಡ ಎತ್ತಿಕೊಂಡು ಬಾಗಿಲಲ್ಲಿ ನಿಂತಳು. "ಸರ್, ಒಂದ್ ಮಾತ ಕೇಳ್ಲೇನ್ರಿ? ನಾ ಮುಂದ ನಿಂತಿದ್ರ ಆ ಮೂರು ಮ್ಯಾಚಿನಾಗ ಗೋಲ್ ಹೊಡೀತಿದ್ದೆನೇನ್ರಿ?" ಅಂದಳು. ಸುಮ್ಮನೆ ಕೇಳಿದಳು, ಕುಹಕವೇನೂ ಇರಲಿಲ್ಲ. ಬಳಪ ನನ್ನ ಕೈಯಲ್ಲೇ ಇತ್ತು. ಖಾಲಿ ಸ್ಲೇಟು ನೋಡಿ, "ಇರ್ಲಿ ಬಿಡ್ರಿ" ಎಂದು ಹೋದಳು.

ಆಕೆ ಆಡುವುದನ್ನು ನಾನು ನೋಡಿಲ್ಲ. ನೀನು ನೋಡಿದ್ದೀಯ. ಈ ಸಲವಾದರೂ ನನ್ನ ಗಂಟಲನ್ನು ಮರೆತು, ಆಕೆಯ ಪ್ರಶ್ನೆಗೆ ಕಂಡದ್ದನ್ನು ಕಂಡ ಹಾಗೆ ಬರೆದು ಕಳಿಸು. ಆಕೆ ದಿನಾ ನೀರಿಗೆ ಬರುತ್ತಾಳೆ. ಕಿಟಕಿಯ ಕಡೆ ಒಮ್ಮೆ ನೋಡಿ ಹೋಗುತ್ತಾಳೆ.

ಗೌಸಮೊಹಿದ್ದೀನ